ಪಂಚಗಂಗಾವಳಿಯ ನೀರೂ ದೋಣಿಗಳೂ

ಸಹ್ಯಾದ್ರಿಯ ಪಡುವಣ ಪಾರ್ಶ್ವದಿಂದ ಇಳಿದುಬರುವ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕುಂದಾಪುರ-ಗಂಗೊಳ್ಳಿಗಳ ನಡುವೆ ಒಂದೆಡೆ ಕಲೆತು, ಉತ್ತರದಿಂದ ಗಂಗೊಳ್ಳಿಯ ಮರಳದಂಡೆಯೂ ದಕ್ಷಿಣದಿಂದ ಕೋಡಿಯ ಮರಳದಂಡೆಯೂ ಅಡ್ಡವಾಗಿ ಚಾಚಿರುವ ಕಾರಣದಿಂದ ಒಮ್ಮೆಗೇ ಸಮುದ್ರವನ್ನು ಸೇರಲಾರದೆ, ತೆಂಗಿನ ತೋಟಗಳ ಮಡಿಲಲ್ಲಿ ವಿಸ್ತಾರವಾಗಿ ಹರಡಿ ನಿಲ್ಲುತ್ತವೆ. ಈ ಜಲರಾಶಿಗೆ ಪಂಚಗಂಗಾವಳಿಯೆಂದು ಹೆಸರು. ಜನರು ಇದನ್ನು ಹೊಳೆಯೆಂದೇ ಕರೆಯುವರಾದರೂ, ಬೇಸಗೆಯ ಪ್ರಾತಃಕಾಲದಲ್ಲಿ ದಡದಲ್ಲಿ ನಿಂತು ನೋಡುವವನಿಗೆ ಇದು ನಾಲ್ಕು ದಿಕ್ಕಿನಲ್ಲಿಯೂ ನೆಲದಿಂದ ಆವೃತವಾದ ಸರೋವರವಾಗಿಯೇ ತೋರುವುದು. ಪಶ್ಚಿಮದ ಅಳಿವೆಯೊಂದೇ ಇದರ ಬಾಗಿಲು. ಒಳಗೆ ಅಲ್ಲಲ್ಲಿ ಕುದ್ರುಗಳೆಂಬ ಕಿರುದ್ವೀಪಗಳಿವೆ. ಅವುಗಳಲ್ಲಿ ಉಪ್ಪಿನಕುದ್ರು ಯಕ್ಷಗಾನದ ಸೂತ್ರದ ಗೊಂಬೆಯಾಟದಿಂದ ಲೋಕವಿಖ್ಯಾತವಾಯಿತು. ನೀರು ಸುತ್ತುವರಿದ ಅಷ್ಟು ಕಿರಿದಾದ ನೆಲದಲ್ಲಿ ಕೊಗ್ಗ ಕಾಮತರ ಮನೆತನವು ತಲೆಮಾರುಗಳ ಕಾಲ ಆ ಕಲೆಯನ್ನು ಸಾಕಿ ಉಳಿಸಿದ್ದು ಈ ಸೀಮೆಯ ಭಾಗ್ಯವೆಂದೇ ನನ್ನ ಭಾವನೆ.

ಐದು ನದಿಗಳ ಸ್ವಭಾವವೂ ಒಂದೇ ಬಗೆಯದಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸಮೀಪದಲ್ಲಿ ಹುಟ್ಟುವ ವಾರಾಹಿಯು ಕುಂಚಿಕಲ್ಲಿನಲ್ಲಿ ಬಂಡೆಯಿಂದ ಬಂಡೆಗೆ ಧುಮುಕಿ, ಸಿದ್ದಾಪುರ, ಹಾಲಾಡಿಗಳನ್ನು ದಾಟಿ ಬಸರೂರಿನ ಬಳಿಗೆ ಬರುವಾಗ ತನ್ನ ರಭಸವನ್ನೆಲ್ಲ ಕಳೆದುಕೊಂಡು ಮಂದಗಾಮಿನಿಯಾಗುವುದು. ಕುಬ್ಜೆಯು ಕಮಲಶಿಲೆಯ ಬ್ರಾಹ್ಮೀ ದುರ್ಗಾಪರಮೇಶ್ವರಿಯ ಸನ್ನಿಧಿಯನ್ನು ಸ್ಪರ್ಶಿಸಿ ಬರುವವಳು. ಎಲ್ಲಕ್ಕಿಂತ ವಿಚಿತ್ರವಾದದ್ದು ಸೌಪರ್ಣಿಕೆಯ ನಡೆ. ಕೊಡಚಾದ್ರಿಯ ಸೆರಗಿನಿಂದ ಹೊರಟು, ಕೊಲ್ಲೂರಿನ ಮೂಕಾಂಬಿಕೆಯ ಕ್ಷೇತ್ರವನ್ನು ಪಾವನಗೊಳಿಸಿ, ಪಶ್ಚಿಮಾಭಿಮುಖವಾಗಿ ಹರಿದು ಮರವಂತೆಗೆ ಬರುವ ಈ ನದಿಗೂ ಸಮುದ್ರಕ್ಕೂ ನಡುವೆ ಅಲ್ಲಿ ಒಂದು ಹೆದ್ದಾರಿಗೆ ಸಾಕಾಗುವಷ್ಟು ನೆಲವಷ್ಟೇ ಉಳಿದಿರುವುದು. ಆದರೂ ಆಕೆ ಕಡಲನ್ನು ಕೂಡದೆ ಬೆನ್ನು ತಿರುಗಿಸಿ, ತೆಂಕಣಕ್ಕೆ ಸುಮಾರು 10 ಕಿಲೋಮೀಟರು ನಡೆದು, ಉಳಿದ ನಾಲ್ವರೊಡಗೂಡಿಯೇ ಗಂಗೊಳ್ಳಿಯ ಅಳಿವೆಯನ್ನು ಸೇರುವಳು. ಅಲೆಗಳು ತಂದೊಡ್ಡಿದ ಮರಳಿನ ದಿಬ್ಬವು ನೇರದ ಹಾದಿಯನ್ನು ಮುಚ್ಚಿದ್ದೇ ಈ ಬಳಸುದಾರಿಗೆ ಕಾರಣವಾಗಿರಬೇಕು. ಕರ್ಕಾಟಕ ಅಮಾವಾಸ್ಯೆಯಂದು ಮರವಂತೆಯ ವರಾಹಸ್ವಾಮಿಯ ಸನ್ನಿಧಿಗೆ ಬರುವ ಜನರು ಸಮುದ್ರದಲ್ಲಿಯೂ ಹೊಳೆಯಲ್ಲಿಯೂ ಮಿಂದು ದೇವರಿಗೆ ಕೈಮುಗಿಯುತ್ತಾರೆ; ಆಚೆ ದಡದ ನಾಡ, ಪಡುಕೋಣೆಗಳ ಕಡೆಯ ಭಕ್ತರು ದೋಣಿಯಲ್ಲಿ ಬಂದಿಳಿಯುವ ವಾಡಿಕೆಯೂ ಉಂಟು.

ಈ ಭೂರಚನೆಯನ್ನು ಬಲ್ಲವನಿಗೆ ಇಲ್ಲಿಯ ಚರಿತ್ರೆಯು ತಾನಾಗಿಯೇ ತೆರೆದುಕೊಳ್ಳುವುದು. ಪೂರ್ವಕಾಲದ ಮಹಾಬಂದರಗಳೆರಡೂ, ವಾರಾಹಿಯ ದಡದ ಬಸರೂರು ಮತ್ತು ಸೀತಾನದಿಯ ದಡದ ಬಾರಕೂರು, ಕಡಲಂಚಿನಲ್ಲಿ ಇರದೆ ಒಳನಾಡಿಗೆ ಸರಿದು ನೆಲೆಗೊಂಡವು. ಬಿರುಗಾಳಿಯೂ ಕಡಲ್ಗಳ್ಳರೂ ಸುಲಭವಾಗಿ ತಲುಪಲಾರದ ನಿಶ್ಚಲ ಜಲವು ಅಲ್ಲಿ ದೊರೆಯುತ್ತಿತ್ತು. ಹದಿನಾಲ್ಕನೆಯ ಶತಮಾನದ ಯಾತ್ರಿಕ ಇಬ್ನ್ ಬತೂತನು ಎರಡನ್ನೂ ಕಂಡು, ಬಾರಕೂರಿನ ಅರಸನಲ್ಲಿ ಸುಮಾರು 30 ಯುದ್ಧನೌಕೆಗಳಿದ್ದುವೆಂದು ಬರೆದಿಟ್ಟಿದ್ದಾನೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ತುಗೀಸ ಬಾರ್ಬೊಸನು ಇಲ್ಲಿಂದ ಪರದೇಶಗಳಿಗೆ ಹೋಗುತ್ತಿದ್ದ ಅಕ್ಕಿಯ ಸಮೃದ್ಧಿಯನ್ನು ವರ್ಣಿಸಿದನು. ಆ ಅಕ್ಕಿಯ ಆಸೆಯೇ ಪೋರ್ತುಗೀಸರನ್ನು 1569ರಲ್ಲಿ ಬಸರೂರಿನ ಕೋಟೆಯನ್ನು ವಶಪಡಿಸಿಕೊಳ್ಳುವಂತೆ ಪ್ರೇರಿಸಿತು. ಮುಂದೆ ಕೆಳದಿಯ ಶಿವಪ್ಪನಾಯಕನು ಅವರನ್ನು ಈ ಕರಾವಳಿಯಿಂದ ಹೊರದೂಡಿದನು. 1665ರ ಫೆಬ್ರವರಿಯಲ್ಲಿ ಶಿವಾಜಿಯು ನೌಕಾಸೇನೆಯೊಡನೆ ಬಂದು ಬಸರೂರನ್ನು ಸೂರೆಗೊಂಡನು. ಇಷ್ಟೆಲ್ಲ ಬಲಾಢ್ಯರ ಕಣ್ಣನ್ನು ಸೆಳೆದ ಪೇಟೆಯು ಇಂದು ದೇವಾಲಯಗಳ ಶಾಂತವಾದ ಗ್ರಾಮವಾಗಿದೆ.

ಆದರೆ ಅರಸರ ಹೆಸರುಗಳಿಗಿಂತಲೂ ದೋಣಿಗಳೇ ಈ ನೀರಿನ ನಿಜವಾದ ಇತಿಹಾಸವನ್ನು ಹೇಳಬಲ್ಲವು. ಏಕೆಂದರೆ ಇಲ್ಲಿಯ ಪ್ರತಿಯೊಂದು ಬಗೆಯ ದೋಣಿಯೂ ನೀರಿನ ಒಂದೊಂದು ಆಳಕ್ಕೆ, ಒಂದೊಂದು ಕಾಯಕಕ್ಕೆ ತಕ್ಕಂತೆ ರೂಪುಗೊಂಡಿತು. ಒಬ್ಬಿಬ್ಬರು ಕುಳಿತು ಬಲೆ ಬೀಸುವುದಕ್ಕೆ, ಇಳಿತದ ವೇಳೆ ಕುದ್ರುಗಳ ಅಂಚಿನಲ್ಲಿ ಮಳಿಯೆಂಬ ಚಿಪ್ಪುಜೀವಿಗಳನ್ನು ಹೆಕ್ಕಿ ತುಂಬುವುದಕ್ಕೆ ಕಿರಿದಾದ ಪಾತಿದೋಣಿ. ಮೊಳಕಾಲುದ್ದದ ನೀರಿನಲ್ಲಿಯೂ ಅದು ಬಿದಿರಗಳದ ಒಂದು ನೂಕಿಗೆ ಸರಿದುಹೋಗುವುದು. ಕಡವಿನಲ್ಲಿ ಜನರನ್ನೂ ಅಕ್ಕಿಮುಡಿಗಳನ್ನೂ ದಾಟಿಸುವುದಕ್ಕೆ ಅಗಲವಾದ ತಳದ ದೋಣಿ. ಅಳಿವೆಯಾಚೆ, ದಡಕ್ಕೆ ಎಳೆಯುವ ದೊಡ್ಡ ರಂಪಣಿ ಬಲೆಯನ್ನು ಹೊತ್ತು ಹೋಗುವುದಕ್ಕೆ ಹಲವರು ಹುಟ್ಟುಹಾಕುವ ಉದ್ದನೆಯ ದೋಣಿ. ಇವೆಲ್ಲಕ್ಕೂ ಹಿರಿಯದಾದ ಮಂಜಿಯು ಹಾಯಿ ಬಿಚ್ಚಿ, ಹೆಂಚು, ಅಕ್ಕಿ, ತೆಂಗಿನಕಾಯಿಗಳನ್ನು ಹೇರಿಕೊಂಡು ದೂರದ ಬಂದರಗಳಿಗೆ ಹೋಗಿ, ಮಳೆಗಾಲಕ್ಕೆ ಮುನ್ನ ಒಳನೀರಿಗೆ ಮರಳಿ ಲಂಗರು ಹಾಕುತ್ತಿತ್ತು. ಹಿಂದಿನ ದೋಣಿಗಳಲ್ಲಿ ಹಲಗೆಗೆ ಹಲಗೆಯನ್ನು ಕಬ್ಬಿಣದ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳನ್ನು ಬಿಗಿದು, ಮೈಗೆಲ್ಲ ಎಣ್ಣೆ ಕುಡಿಸುತ್ತಿದ್ದರು. ಹೊಲಿಗೆಯ ದೋಣಿಯು ಮರಳಿಗೆ ತಾಗಿದಾಗ ಬಿರಿಯದೆ ತುಸು ಬಾಗಿಕೊಡುವುದು. ಅಳಿವೆಯ ಅಲೆಗಳನ್ನೂ ಮರಳದಿಬ್ಬಗಳನ್ನೂ ನಿತ್ಯ ಎದುರಿಸಬೇಕಾದವರು ಇದನ್ನು ಅನುಭವದಿಂದ ಅರಿತಿದ್ದರು. ಇಲ್ಲಿಯ ಮೀನುಗಾರರಾದ ಮೊಗವೀರರೂ ಖಾರ್ವಿಗಳೂ ಯಾವ ಶಾಲೆಯಲ್ಲಿಯೂ ಕಲಿಯದ ಈ ಶಿಲ್ಪವಿದ್ಯೆಯನ್ನು ನಾನು ಗುಡಿಗಳ ಕಲ್ಲುಗೆಲಸಕ್ಕಿಂತ ಕೆಳಗಿನದೆಂದು ಎಣಿಸಲಾರೆ.

1970ರ ದಶಕದ ಮಧ್ಯಭಾಗದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆಗಳು ಬಂದು ದೊಡ್ಡ ರಂಪಣಿಗಳು ಮೂಲೆಗೆ ಸರಿದುವು. ಅವುಗಳೊಡನೆ ಉದ್ದನೆಯ ಹೊಲಿಗೆದೋಣಿಗಳೂ ಹೋದುವು. ಲಾರಿಗಳು ಮಂಜಿಯ ಸರಕನ್ನು ಕಸಿದುಕೊಂಡವು. ಸೇತುವೆಗಳು ಒಂದೊಂದಾಗಿ ಎದ್ದಂತೆ ಕಡವುಗಳು ಒಂದೊಂದಾಗಿ ಮುಚ್ಚಿದುವು. ಮಳೆಗಾಲದ ನೆರೆಯಲ್ಲಿ ಬಸುರಿಯರನ್ನೂ ರೋಗಿಗಳನ್ನೂ ಜೀವ ಕೈಯಲ್ಲಿ ಹಿಡಿದು ದಾಟಿಸಿದ ದಿನಗಳನ್ನು ಕಂಡ ಕುದ್ರುಗಳ ಜನರು ಸೇತುವೆಯನ್ನು ಬಯಸಿದ್ದು ಸರ್ವಥಾ ನ್ಯಾಯವಾದದ್ದೇ. ಸೇತುವೆಯಿಲ್ಲದ ಕಡೆ ಬಳಸುದಾರಿಯೇ ಗತಿ: ಕುಂದಾಪುರದಿಂದ ಗಂಗೊಳ್ಳಿಯು ಕಣ್ಣೆದುರಿಗೇ ಕಾಣುವುದಾದರೂ, ರಸ್ತೆಯಲ್ಲಿ ಹೋಗುವವನು ಹೆಮ್ಮಾಡಿ, ತ್ರಾಸಿಗಳನ್ನು ಬಳಸಿಕೊಂಡು ಬರಬೇಕು. ಈಗ ಹೊಳೆಯಲ್ಲಿ ಓಡಾಡುವ ದೋಣಿಗಳಲ್ಲಿ ಬಹಳಷ್ಟು ಫೈಬರಿನವು. ಅವು ಹಗುರ, ಬಾಳಿಕೆಯವು, ಬಡವನಿಗೆ ಒಗ್ಗುವಂಥವು, ಆದುದರಿಂದ ಅವನ್ನು ಜರೆಯುವುದು ಸಲ್ಲದು.

ಆದರೆ ಮರದ ದೋಣಿಯನ್ನು ಕಟ್ಟಬಲ್ಲ ಹಿರಿಯರು ಇನ್ನೂ ಈ ದಡಗಳಲ್ಲಿ ಅಲ್ಲಲ್ಲಿ ಇರುವಾಗಲೇ, ಅವರ ಅಳತೆಗಳನ್ನೂ, ಮರವನ್ನು ಆರಿಸುವ ಕ್ರಮವನ್ನೂ, ಹೊಲಿಗೆಯ ಬಗೆಗಳನ್ನೂ ಬರೆದಿಡುವ ಕೆಲಸವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ವಿದ್ಯಾವಂತರು ಕೈಗೊಳ್ಳಬೇಕು. ಒಂದು ಪಾತಿ, ಒಂದು ಕಡವಿನ ದೋಣಿ, ಒಂದು ರಂಪಣಿಯ ದೋಣಿ, ಇಷ್ಟನ್ನಾದರೂ ಮಳೆಬಿಸಿಲು ತಾಗದ ಒಂದು ಚಪ್ಪರದಡಿಯಲ್ಲಿ, ಅವನ್ನು ಕಟ್ಟಿದವರ ಹೆಸರಿನೊಡನೆ, ಹೊಳೆಯ ದಡದಲ್ಲಿಯೇ ಉಳಿಸಿಕೊಳ್ಳಿರೆಂದು ಊರ ಮಹನೀಯರಲ್ಲಿ ನನ್ನ ವಿನಂತಿ.