ನಿರಾಧಾರ ವೃದ್ಧರ ಆಶ್ರಯ: ರಾಜಧಾನಿಯ ಪರಿಸರದಲ್ಲಿ ನಡೆದುಬಂದ ದಾರಿ

ಪಿತೃಋಣವನ್ನು ತೀರಿಸುವುದು ಪುತ್ರರ ಕರ್ತವ್ಯವೆಂದು ನಮ್ಮ ಹಿರಿಯರು ವಿಧಿಸಿದರು. ಆದರೆ ಮಕ್ಕಳೂ ಬಂಧುಗಳೂ ಇಲ್ಲದ ವೃದ್ಧರ ಯೋಗಕ್ಷೇಮ ಯಾರ ಹೊಣೆ? ಅವಿಭಕ್ತ ಕುಟುಂಬದಲ್ಲಿ ದೂರದ ಸಂಬಂಧಿಗೂ ಒಂದು ಮೂಲೆಯಿರುತ್ತಿತ್ತು. ಉದ್ಯೋಗವನ್ನರಸಿ ದೆಹಲಿಗೆ ಬಂದವರ ಎರಡು ಕೊಠಡಿಗಳ ವಸತಿಗಳಲ್ಲಿ ಆ ಮೂಲೆ ಇಲ್ಲವಾಯಿತು.

1974ರಲ್ಲಿ ಆಂಗ್ಲ ದಾನಿ ಜಾಕ್ಸನ್ ಕೋಲ್ ಅವರು ಭಾರತಕ್ಕೆ ಭೇಟಿಯಿತ್ತರು. ಆ ಸಂಪರ್ಕದ ಫಲವಾಗಿ 1978ರಲ್ಲಿ ದೆಹಲಿಯಲ್ಲಿ ‘ಹೆಲ್ಪ್‌ಏಜ್ ಇಂಡಿಯಾ’ ಸಂಸ್ಥೆಯು ನೋಂದಣಿಯಾಯಿತು. 1999ರಲ್ಲಿ ಕೇಂದ್ರ ಸರ್ಕಾರವು ವಯೋವೃದ್ಧರ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು.

2007ರಲ್ಲಿ ಸಂಸತ್ತು ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯನ್ನು ಅಂಗೀಕರಿಸಿತು. ಇದರಂತೆ ತಂದೆತಾಯಿಗಳು ಮಕ್ಕಳಿಂದ ಜೀವನಾಂಶವನ್ನು ಕೇಳಬಹುದು. ಮಕ್ಕಳಿಲ್ಲದವರು, ತಮ್ಮ ಆಸ್ತಿಯನ್ನು ಹೊಂದಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರಿಂದ ಕೇಳಬಹುದು. ಮಕ್ಕಳೂ ಇಲ್ಲದೆ ಆಸ್ತಿಯೂ ಇಲ್ಲದವರಿಗೆ ಉಳಿಯುವುದು 19ನೆಯ ಸೆಕ್ಷನ್ ಮಾತ್ರ. ಜಿಲ್ಲೆಗೊಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರವು ‘ಸ್ಥಾಪಿಸಬಹುದು’ ಎಂದು ಅದು ಹೇಳುತ್ತದೆ; ‘ಸ್ಥಾಪಿಸತಕ್ಕದ್ದು’ ಎನ್ನುವುದಿಲ್ಲ. ಈ ಒಂದು ಪದದ ಅಂತರದಲ್ಲಿ ಅನೇಕರ ಬಾಳು ಸಿಲುಕಿದೆ. 2018ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಶ್ವನಿ ಕುಮಾರ್ ಪ್ರಕರಣದಲ್ಲಿ, ಪ್ರತಿ ಜಿಲ್ಲೆಯ ವೃದ್ಧಾಶ್ರಮಗಳ ವಿವರಗಳನ್ನು ಸಂಗ್ರಹಿಸುವಂತೆ ಕೇಂದ್ರಕ್ಕೆ ಸೂಚಿಸಬೇಕಾಯಿತು.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ಸ್ವಯಂಸೇವಕರು. 2008ರಲ್ಲಿ ರವಿ ಕಾಲ್ರಾ ಅವರು ಸ್ಥಾಪಿಸಿದ ‘ಅರ್ಥ್ ಸೇವಿಯರ್ಸ್ ಫೌಂಡೇಷನ್’, ಗುರುಗ್ರಾಮದ ಬಂಧ್‌ವಾಡಿ ಗ್ರಾಮದಲ್ಲಿ, ಬೀದಿಪಾಲಾದ ವೃದ್ಧರಿಗೂ ಮನೋರೋಗಿಗಳಿಗೂ ಆಶ್ರಯವಿತ್ತಿತು. ವಾರಸುದಾರರಿಲ್ಲದ ಶವಗಳ ಅಂತ್ಯಸಂಸ್ಕಾರವನ್ನೂ ಅದು ಕೈಗೊಂಡಿತು. ಕಾಲ್ರಾ ಅವರು 2021ರಲ್ಲಿ ನಿಧನರಾದರು.

ರೈಲುಮಾರ್ಗವನ್ನು ಹಾಕುವುದು ಒಮ್ಮೆ. ಹಳಿಗಳ ಮೇಲೆ ನಿಗಾ ಇಡುವುದು ಪ್ರತಿದಿನದ ಕೆಲಸ. ವೃದ್ಧಾಶ್ರಮವೂ ಅಂತೆಯೇ. ಹಾಸಿಗೆ ಹಿಡಿದವರನ್ನು ಶುಚಿಗೊಳಿಸಿ ಮಗ್ಗುಲು ಬದಲಿಸಬೇಕು, ಮರೆವಿನಿಂದ ಹೊರಟುಹೋಗುವವರನ್ನು ರಾತ್ರಿಯಿಡೀ ಕಾಯಬೇಕು, ಆಸ್ಪತ್ರೆಯಲ್ಲಿ ಬಂಧುಗಳ ಸ್ಥಾನದಲ್ಲಿ ನಿಲ್ಲಬೇಕು. ಇವೆಲ್ಲಕ್ಕೂ ಸಂಬಳ ಪಡೆಯುವ ನಿಷ್ಠಾವಂತ ಪರಿಚಾರಕರು ಬೇಕು. ಜನ್ಮದಿನದಂದು, ಶ್ರಾದ್ಧದಂದು ನಾವು ನೀಡುವ ಅನ್ನದಾನವು ಶ್ರೇಷ್ಠವೇ ಸರಿ. ಅದು ಒಂದು ದಿನದ್ದು. ಒಬ್ಬ ಪರಿಚಾರಕರ ಒಂದು ವರ್ಷದ ವೇತನವನ್ನು ನಾಲ್ಕಾರು ಕುಟುಂಬಗಳು ಹಂಚಿಕೊಂಡರೆ, ಅನ್ನವನ್ನು ತಾವಾಗಿ ಉಣ್ಣಲಾರದವರ ಬಾಯಿಗೂ ತುತ್ತು ತಲುಪುವುದು.