ಬಾಯಿಮಾತಿನ ಪಾಲು, ಕಾನೂನಿನ ಪಾಠ

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಗದ್ದೆ ಬಯಲಿನಲ್ಲಿ ಆಸ್ತಿ ಹಂಚಿಕೆಯ ಲೆಕ್ಕ ಪುಸ್ತಕದ ಕಾನೂನಿನಂತೆ ನಡೆಯುವುದು ಅಪರೂಪ. ಊರ ಹಿರಿಯರ ಮುಂದೆ ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಪಾಲಾಗಿರುತ್ತಾರೆ. ಪಹಣಿ ಅಜ್ಜನ ಹೆಸರಿನಲ್ಲೇ ಉಳಿದಿರುತ್ತದೆ, ಪೋಡಿ ಆಗಿರುವುದಿಲ್ಲ. ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವುದೂ ಉಂಟು. ಕಾನೂನು ಪದವಿ ಪಡೆದು ತಾಲ್ಲೂಕು ಕೋರ್ಟಿಗೆ ಬರುವ ಹೊಸ ವಕೀಲನಿಗೆ ಇದಾವುದನ್ನೂ ತರಗತಿಯಲ್ಲಿ ಹೇಳಿಕೊಟ್ಟಿರುವುದಿಲ್ಲ ಎಂಬುದು ಹಳೆಯ ದೂರು.

ದೂರು ನಮ್ಮಲ್ಲಿನದು ಮಾತ್ರವಲ್ಲ. ಆಸ್ಪತ್ರೆಯಿಲ್ಲದೆ ವೈದ್ಯ ತಯಾರಾಗದಿರುವಾಗ ಕಕ್ಷಿದಾರನ ಮುಖ ನೋಡದೆ ವಕೀಲ ಹೇಗೆ ತಯಾರಾದಾನು ಎಂಬ ವಾದವನ್ನು ಅಮೆರಿಕದ ಜೆರೋಮ್ ಫ್ರಾಂಕ್ 1933ರಲ್ಲೇ ಮುಂದಿಟ್ಟಿದ್ದರು. ಭಾರತದಲ್ಲಿ ಇದಕ್ಕೆ ಗಟ್ಟಿ ರೂಪ ದೊರೆತದ್ದು ಕರ್ನಾಟಕದಲ್ಲಿ. ರಾಜ್ಯ ಶಾಸನಸಭೆಯ 1986ರ ಕಾಯ್ದೆಯಿಂದ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿತು. 1988ರಲ್ಲಿ ಪಾಠ ಆರಂಭವಾಯಿತು. ಸ್ಥಾಪಕ ನಿರ್ದೇಶಕ ಎನ್.ಆರ್.ಮಾಧವ ಮೆನನ್ ಐದು ವರ್ಷದ ಕೋರ್ಸಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಕಾನೂನಿನೊಂದಿಗೆ ಬೆಸೆದರು. ಅಣಕು ನ್ಯಾಯಾಲಯ, ಕಾನೂನು ನೆರವು ಕೇಂದ್ರ ಪಾಠದ ಭಾಗವಾದವು. ಭಾರತೀಯ ವಕೀಲರ ಪರಿಷತ್ತು 1997ರಲ್ಲಿ ನಾಲ್ಕು ಪ್ರಾಯೋಗಿಕ ವಿಷಯಗಳನ್ನು ಎಲ್ಲ ಕಾಲೇಜುಗಳಿಗೂ ಕಡ್ಡಾಯಗೊಳಿಸಿತು.

ಕಡ್ಡಾಯವಾದದ್ದೆಲ್ಲ ಕಲಿಕೆಯಾಗುವುದಿಲ್ಲ. ರೆಕಾರ್ಡ್ ಪುಸ್ತಕ ನಕಲು ಮಾಡಿ ಅಂಕ ಗಿಟ್ಟಿಸುವ ವಿದ್ಯೆ ನಮ್ಮ ವಿದ್ಯಾರ್ಥಿಗಳಿಗೆ ಹೊಸದೇನಲ್ಲ! ಬೆಂಗಳೂರಿನ ಶಾಲೆಯಲ್ಲಿ ಕಲಿತವರಲ್ಲಿ ಹಲವರು ತಾಲ್ಲೂಕು ಕೋರ್ಟಿನತ್ತ ಬರಲಿಲ್ಲ, ದೊಡ್ಡ ಕಂಪೆನಿಗಳ ಕಾನೂನು ಸಂಸ್ಥೆಗಳನ್ನು ಸೇರಿದರು. ಅಲ್ಲಿನ ಪಾಠ ಇಂಗ್ಲಿಷಿನಲ್ಲಿ, ಇಲ್ಲಿನ ಸಾಕ್ಷಿಯ ಮಾತು ಕನ್ನಡದಲ್ಲಿ. ಹಾಗಾಗಿ ಈ ಪ್ರಯೋಗದ ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಮೈಸೂರಿನಂಥ ಊರುಗಳ ಕಾಲೇಜುಗಳಲ್ಲಿ.

ಹೆಣ್ಣುಮಕ್ಕಳ ಪಾಲಿನ ಪ್ರಶ್ನೆಯನ್ನೇ ನೋಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ 2005ರ ತಿದ್ದುಪಡಿ ಆ ಭೇದವನ್ನು ಅಳಿಸಿತಾದರೂ 2004ರ ಡಿಸೆಂಬರ್ 20ಕ್ಕೆ ಮೊದಲು ನಡೆದ ವಿಭಾಗಗಳಿಗೆ ರಕ್ಷಣೆ ಕೊಟ್ಟಿತು. ನೋಂದಾಯಿತ ಪತ್ರವಿಲ್ಲದ, ಬರೀ ಬಾಯಿಮಾತಿನ ಪಾಲನ್ನು ಸಾಮಾನ್ಯವಾಗಿ ಒಪ್ಪಲಾಗದು, ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದರೆ ಮಾತ್ರ ಅಪವಾದ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಅಂದಮೇಲೆ ತವರಿನ ಪಾಲು ಕೇಳಿ ಬಂದ ಹೆಂಗಸಿನ ಮುಂದೆ ಕುಳಿತ ವಿದ್ಯಾರ್ಥಿ ಕಾಯ್ದೆಯ ಕಲಮು ಒಪ್ಪಿಸಿದರೆ ಸಾಲದು. ಆಕೆ ಸಹಿ ಹಾಕಿದ ಪತ್ರ ಯಾವ ವರ್ಷದ್ದು, ನೋಂದಣಿ ಆಗಿದೆಯೇ, ಮ್ಯುಟೇಶನ್ ಯಾರ ಹೆಸರಿಗೆ ಬಿದ್ದಿದೆ, ಕಂದಾಯ ಕಟ್ಟಿದ ರಸೀದಿ ಯಾರ ಬಳಿ ಇದೆ ಎಂದು ವಿಚಾರಿಸಬೇಕು. ಪಾಲು ಕೇಳಿದರೆ ಅಣ್ಣಂದಿರು ಹಬ್ಬಕ್ಕೆ ಕರೆಯುವುದನ್ನೇ ನಿಲ್ಲಿಸಿಯಾರು ಎಂಬ ಆಕೆಯ ಅಂಜಿಕೆಯನ್ನೂ ಕೇಳಿಸಿಕೊಳ್ಳಬೇಕು. ಸಮಾಜಶಾಸ್ತ್ರದ ಪಾಠ ಉಪಯೋಗಕ್ಕೆ ಬರುವುದು ಅಲ್ಲಿಯೇ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಸಾಕು. ಆ ಅರ್ಜಿ ಬರೆಯಲು ಆಕೆಗೆ ನೆರವಾಗುವುದು ವಿದ್ಯಾರ್ಥಿಗಳಿಗೆ ಒಪ್ಪಿಸಬಹುದಾದ ಮೊದಲ ಕೆಲಸ.