ಬಿಲಿಯರ್ಡ್ಸ್ ಹವ್ಯಾಸಿ ವಿಶ್ವ ಚಾಂಪಿಯನ್‌ಶಿಪ್: ಸಂಕ್ಷಿಪ್ತ ಮಾಹಿತಿ

ಬಿಲಿಯರ್ಡ್ಸ್ ಕ್ರೀಡೆಯ ಹವ್ಯಾಸಿ ವಿಶ್ವ ಪ್ರಶಸ್ತಿಯ ಇತಿಹಾಸ, ಅದರಲ್ಲಿ ಕರ್ನಾಟಕದ ಸ್ಥಾನ ಹಾಗೂ ಕ್ರೀಡಾ ಪ್ರಮಾಣಪತ್ರ ಸಲ್ಲಿಸುವಾಗ ಗಮನಿಸಬೇಕಾದ ಅಂಶಗಳನ್ನು ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಕ್ರೀಡಾಪಟುಗಳು, ಪೋಷಕರು ಹಾಗೂ ಸಾರ್ವಜನಿಕರ ಉಪಯೋಗಕ್ಕಾಗಿ ಇಲ್ಲಿ ನೀಡಲಾಗಿದೆ. ‘ವಿಶ್ವ ಚಾಂಪಿಯನ್‌ಶಿಪ್’ ಎಂಬ ಒಂದೇ ಹೆಸರಿನಡಿ ಹಲವು ಬಗೆಯ ಸ್ಪರ್ಧೆಗಳು ನಡೆದಿರುವುದರಿಂದ, ಅವುಗಳ ವ್ಯತ್ಯಾಸವನ್ನು ಅರಿತಿರುವುದು ಅರ್ಜಿದಾರರಿಗೆ ಅವಶ್ಯಕವಾಗಿದೆ.

1. ಆಟದ ಪ್ರಕಾರಗಳು

ಕ್ಯಾರಮ್ ಬಿಲಿಯರ್ಡ್ಸ್: ಪಾಕೆಟ್‌ಗಳಿಲ್ಲದ ಮೇಜಿನ ಮೇಲೆ ಮೂರು ಚೆಂಡುಗಳಿಂದ ಆಡುವ ಆಟ. ಆಟಗಾರನು ಹೊಡೆದ ಚೆಂಡು ಉಳಿದೆರಡೂ ಚೆಂಡುಗಳನ್ನು ತಾಗಿದರೆ ಅಂಕ ದೊರೆಯುತ್ತದೆ. ಇದರ ‘ಮೂರು ಕುಷನ್’ ಮಾದರಿಯಲ್ಲಿ, ಎರಡನೆಯ ಚೆಂಡನ್ನು ತಾಗುವ ಮುನ್ನ ಮೇಜಿನ ಅಂಚನ್ನು ಕನಿಷ್ಠ ಮೂರು ಬಾರಿ ಸ್ಪರ್ಶಿಸಬೇಕು. ಈ ಮಾದರಿಯ ಹವ್ಯಾಸಿ ವಿಶ್ವ ಸ್ಪರ್ಧೆಯು 1928ರಲ್ಲಿ ಫ್ರಾನ್ಸಿನ ರೀಮ್ಸ್ ನಗರದಲ್ಲಿ ಜರುಗಿತು. ಈಜಿಪ್ಟಿನ ಎಡ್ಮಂಡ್ ಸೂಸಾ ಅದರಲ್ಲಿ ವಿಜೇತರಾದರು.

ಇಂಗ್ಲಿಷ್ ಬಿಲಿಯರ್ಡ್ಸ್: ಆರು ಪಾಕೆಟ್‌ಗಳಿರುವ, ಸುಮಾರು 12 ಅಡಿ ಉದ್ದ ಮತ್ತು 6 ಅಡಿ ಅಗಲದ ಮೇಜಿನ ಮೇಲೆ ಮೂರು ಚೆಂಡುಗಳಿಂದ ಆಡುವ ಆಟ. ಎರಡೂ ಚೆಂಡುಗಳನ್ನು ತಾಗಿಸುವ ‘ಕ್ಯಾನನ್’ ಹೊಡೆತಕ್ಕೆ 2 ಅಂಕ. ಚೆಂಡನ್ನು ಪಾಕೆಟ್‌ಗೆ ಬೀಳಿಸಿದರೆ 2 ಅಥವಾ 3 ಅಂಕ. ಭಾರತದಲ್ಲಿ ಬಿಲಿಯರ್ಡ್ಸ್ ಎಂದರೆ ಸಾಮಾನ್ಯವಾಗಿ ಇದೇ ಆಟ.

ಕೇರಂ: ಮನೆಮನೆಗಳಲ್ಲಿ ಹಲಗೆಯ ಮೇಲೆ ಬೆರಳಿನಿಂದ ಆಡುವ ಕೇರಂ ಪ್ರತ್ಯೇಕ ಕ್ರೀಡೆಯಾಗಿದ್ದು, ಅದಕ್ಕೆ ತನ್ನದೇ ಆದ ಸಂಸ್ಥೆಗಳಿವೆ. ಹೆಸರಿನ ಹೋಲಿಕೆಯಿಂದಾಗಿ ಕ್ಯಾರಮ್ ಬಿಲಿಯರ್ಡ್ಸ್ ಎಂದು ಭಾವಿಸಬಾರದು.

2. ಹವ್ಯಾಸಿ ವಿಶ್ವ ಪ್ರಶಸ್ತಿಯ ಆರಂಭ

ಇಂಗ್ಲಿಷ್ ಬಿಲಿಯರ್ಡ್ಸ್‌ನ ಅಂತರರಾಷ್ಟ್ರೀಯ ಹವ್ಯಾಸಿ ಸ್ಪರ್ಧೆಯು 1926ರಲ್ಲಿ ಲಂಡನ್ನಿನಲ್ಲಿ ‘ಬ್ರಿಟಿಷ್ ಸಾಮ್ರಾಜ್ಯ ಚಾಂಪಿಯನ್‌ಶಿಪ್’ ಎಂಬ ಹೆಸರಿನಲ್ಲಿ ಪ್ರಾರಂಭವಾಯಿತು. ಎರಡನೆಯ ಮಹಾಯುದ್ಧದ ಕಾರಣ ಸ್ಥಗಿತಗೊಂಡಿದ್ದ ಈ ಸ್ಪರ್ಧೆಯು 1951ರಿಂದ ವಿಶ್ವ ಚಾಂಪಿಯನ್‌ಶಿಪ್ ಎಂಬ ಹೆಸರನ್ನು ಪಡೆಯಿತು. 1952ರಲ್ಲಿ ಕಲ್ಕತ್ತಾ ನಗರವು ಇದರ ಆತಿಥ್ಯ ವಹಿಸಿತು.

1958ರಲ್ಲಿ ಕಲ್ಕತ್ತಾದಲ್ಲಿಯೇ ಮತ್ತೊಮ್ಮೆ ನಡೆದ ಸ್ಪರ್ಧೆಯಲ್ಲಿ ಪುಣೆಯಲ್ಲಿ ಜನಿಸಿದ ವಿಲ್ಸನ್ ಜೋನ್ಸ್ ಜಯಗಳಿಸಿದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಕ್ರೀಡೆಯೊಂದರಲ್ಲಿ ವಿಶ್ವ ಪ್ರಶಸ್ತಿ ತಂದ ಮೊದಲಿಗರು ಇವರು. 1964ರಲ್ಲಿ ನ್ಯೂಜಿಲೆಂಡಿನಲ್ಲಿ ಇವರು ಮತ್ತೆ ಪ್ರಶಸ್ತಿ ಪಡೆದರು. ನಂತರದ ದಶಕಗಳಲ್ಲಿ ಮೈಕೆಲ್ ಫೆರೇರಾ (1977, 1981, 1983) ಮತ್ತು ಗೀತ್ ಸೇಥಿ (1985, 1987) ಈ ಪರಂಪರೆಯನ್ನು ಮುಂದುವರಿಸಿದರು.

3. ಕರ್ನಾಟಕದ ಕೊಡುಗೆ

ಭಾರವಾದ ಕಲ್ಲುಹಾಸಿನ ಮೇಜು, ಅದಕ್ಕೆ ತಕ್ಕ ವಿಶಾಲವಾದ ಕೊಠಡಿ ಮತ್ತು ನಿರಂತರ ನಿರ್ವಹಣೆ ಅಗತ್ಯವಿರುವುದರಿಂದ ಈ ಆಟವು ದೀರ್ಘಕಾಲ ನಗರಗಳ ಕ್ಲಬ್‌ಗಳಿಗೆ ಸೀಮಿತವಾಗಿತ್ತು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯು ಈ ಕ್ರೀಡೆಯ ಕೇಂದ್ರವಾಗಿ ಬೆಳೆಯಿತು. ಹಿರಿಯ ಆಟಗಾರ ಅರವಿಂದ್ ಸವೂರ್ ಅವರಿಂದ ತರಬೇತಿ ಪಡೆದ ಬೆಂಗಳೂರಿನ ಪಂಕಜ್ ಅಡ್ವಾಣಿ, 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗಳಿಸಿದರು. 2005ರಲ್ಲಿ ಮಾಲ್ಟಾದಲ್ಲಿ ವಿಶ್ವ ಬಿಲಿಯರ್ಡ್ಸ್‌ನ ಅಂಕ ಮಾದರಿ ಮತ್ತು ಸಮಯ ಮಾದರಿ ಎರಡರಲ್ಲಿಯೂ ಜಯಿಸಿದ ಮೊದಲ ಆಟಗಾರರೆನಿಸಿದರು. ಈ ಸಾಧನೆಯನ್ನು 2008ರಲ್ಲಿ ಬೆಂಗಳೂರಿನಲ್ಲಿಯೇ ಪುನರಾವರ್ತಿಸಿದರು. 2009ರಲ್ಲಿ ಲೀಡ್ಸ್ ನಗರದಲ್ಲಿ ಅವರು ಗೆದ್ದದ್ದು ವೃತ್ತಿಪರ ವಿಶ್ವ ಪ್ರಶಸ್ತಿಯಾಗಿದ್ದು, ಅದು ಹವ್ಯಾಸಿ ಪ್ರಶಸ್ತಿಗಿಂತ ಭಿನ್ನವಾದುದು.

ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಬೆಂಗಳೂರಿನ ಚಿತ್ರಾ ಮಗಿಮೈರಾಜ್ 2006ರಲ್ಲಿ ಹಾಗೂ ಆರ್. ಉಮಾದೇವಿ 2012ರಲ್ಲಿ ಪಡೆದಿರುತ್ತಾರೆ.

4. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಮೇಲಿನ ವಿವರಗಳಿಂದ ತಿಳಿಯುವಂತೆ, ಒಬ್ಬರೇ ಆಟಗಾರರು ಬೇರೆ ಬೇರೆ ಸಂಸ್ಥೆಗಳ ಹಲವು ವಿಶ್ವ ಪ್ರಶಸ್ತಿಗಳನ್ನು ಪಡೆದಿರಬಹುದು. ಜಿಲ್ಲಾ ಹಾಗೂ ರಾಜ್ಯ ಮಟ್ಟದ ಸ್ಪರ್ಧೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಆದ್ದರಿಂದ ಅರ್ಜಿಯಲ್ಲಿ ಈ ಕೆಳಗಿನ ವಿವರಗಳನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

ಅ) ಕ್ರೀಡೆಯ ನಿಖರವಾದ ಹೆಸರು: ಬಿಲಿಯರ್ಡ್ಸ್, ಸ್ನೂಕರ್, ಕ್ಯಾರಮ್ ಬಿಲಿಯರ್ಡ್ಸ್ ಅಥವಾ ಕೇರಂ.
ಆ) ಸ್ಪರ್ಧೆಯ ಸ್ವರೂಪ: ಹವ್ಯಾಸಿ ಅಥವಾ ವೃತ್ತಿಪರ, ಅಂಕ ಮಾದರಿ ಅಥವಾ ಸಮಯ ಮಾದರಿ, ವಯೋಮಿತಿ ಇದ್ದಲ್ಲಿ ಅದರ ವಿವರ.
ಇ) ಸ್ಪರ್ಧೆ ನಡೆಸಿದ ಸಂಸ್ಥೆಯ ಪೂರ್ಣ ಹೆಸರು ಮತ್ತು ಅದು ರಾಜ್ಯ ಸಂಸ್ಥೆ, ರಾಷ್ಟ್ರೀಯ ಫೆಡರೇಷನ್ ಅಥವಾ ಅಂತರರಾಷ್ಟ್ರೀಯ ಒಕ್ಕೂಟವೇ ಎಂಬುದು.
ಈ) ಸ್ಪರ್ಧೆ ನಡೆದ ಸ್ಥಳ, ವರ್ಷ ಹಾಗೂ ಪಡೆದ ಸ್ಥಾನ.

ಪ್ರಮಾಣಪತ್ರದಲ್ಲಿ ಕೇವಲ ‘ಚಾಂಪಿಯನ್‌ಶಿಪ್’ ಎಂದಷ್ಟೇ ಇದ್ದಲ್ಲಿ, ಅರ್ಜಿ ಸಲ್ಲಿಸುವ ಮುನ್ನವೇ ಸಂಬಂಧಿಸಿದ ಸಂಸ್ಥೆಯಿಂದ ಸ್ಪಷ್ಟೀಕರಣ ಪತ್ರ ಪಡೆದುಕೊಳ್ಳುವುದು ಒಳ್ಳೆಯದು. ವರ್ಷಗಟ್ಟಲೆ ಪಟ್ಟ ಶ್ರಮವು ಹೆಸರಿನ ಗೊಂದಲದಿಂದ ಪರಿಗಣನೆಗೆ ಬಾರದೆ ಹೋಗದಂತೆ ಇದರಿಂದ ತಡೆಯಬಹುದಾಗಿದೆ.